ನೀಲಿಯಾದ ಒರತೆ ನೀರು

ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಬಾಟಲಿ ತೊಳೆಯುತ್ತಿದ್ದಳು. ಎಲ್ಲರ ಬಾಯಲ್ಲೂ ಬಾಟ್ಲಿ ಅಕ್ಕ. ಅಕ್ಕ ತೊಳೆದ ಬಾಟಲಿ ನೋಡಿಕೊಂಡು ತಲೆ ಬಾಚಬಹುದು ಎಂದು ಯಾರಾದರೂ ರೇಗಿಸಿದರೆ ಒಳಗೊಳಗೇ ಉಬ್ಬಿಹೋಗುವಳು. ಆ ಹೊಳಪಿನ ಆಸೆಗೇ ಒಂದು ವಾರ ತೊಳೆಯಲು ಕೊಡುವ ಆಸಿಡ್ ಬದಿಗಿಟ್ಟು, ಮನೆಯಿಂದ ಬಟ್ಟೆ ಸೋಪಿನ ಪುಡಿ ತಂದಳು. ಯಾರನ್ನೂ ಕೇಳಲಿಲ್ಲ, ಮಹಾತಾಯಿ.

ಅದೇ ವಾರ ಕೆರೆಯ ನೀರು ಪರೀಕ್ಷೆಗೆ ಬಂತು. ದಡದಲ್ಲಿ ಬಟ್ಟೆ ಒಗೆದು ಬದುಕುವ ಹನ್ನೊಂದು ಮನೆಗಳಿದ್ದವು. ಅವರ ಸೋಪಿನ ರಂಜಕದಿಂದ ಕೆರೆ ಪಾಚಿಗಟ್ಟುತ್ತಿದೆ ಎಂದು ದೂರು. ಮದ್ದು ಬೆರೆಸಿದಾಗ ನೀರು ನೀಲಿಯಾದರೆ ರಂಜಕ ಇದೆಯೆಂದು ಲೆಕ್ಕ. ಕೆರೆ ನೀರು ಕಡುನೀಲಿಯಾಯಿತು. ಒಗೆಯುವ ಕಟ್ಟೆ ಮುಚ್ಚಿಸಲು ಹಿರಿಯ ಕೆಮಿಸ್ಟರು ವರದಿ ಬರೆದರು.

ಖಾಲಿ ಬಾಟಲಿ ಒಯ್ಯಲು ಬಂದ ಅಕ್ಕನ ಕಣ್ಣು ಪಕ್ಕದ ಗಾಜಿನ ನಳಿಕೆಯ ಮೇಲೆ ಬಿತ್ತು. ಹೋಲಿಸಿ ನೋಡಲೆಂದು ಸದಾ ತರಿಸುವ ಬೆಟ್ಟದ ಒರತೆ ನೀರು. ಅದೂ ನೀಲಿ. ಆ ನೀರೆಂದರೆ ಅವಳಿಗೆ ಮೊದಲಿಂದಲೂ ಬೆರಗು. ಮಳೆಯಾಗಿ ಬೀಳುವಾಗ ಗಾಳಿಯನ್ನು ಕರಗಿಸಿಕೊಂಡು, ಮಣ್ಣಿಗಿಳಿದು, ಬಂಡೆಯನ್ನೇ ಇಷ್ಟಿಷ್ಟು ತಿಂದು ಬಂದಿರುತ್ತದೆ ಎಂದು ಕೆಮಿಸ್ಟರೇ ಹೇಳಿದ್ದರು. ಒಂದು ಗುಟುಕಿನಲ್ಲಿ ಆಕಾಶವೂ ಬೆಟ್ಟವೂ! ಅಷ್ಟೆಲ್ಲ ಹೊತ್ತು ತಂದರೂ ಅದೊಂದು ದಿನವೂ ನೀಲಿಯಾದದ್ದಿಲ್ಲ.

ಎರಡು ನೀರೂ ಬಂದದ್ದು ಅವಳು ಸೋಪಿನ ಪುಡಿಯಲ್ಲಿ ತೊಳೆದ ಬಾಟಲಿಗಳಲ್ಲೇ. ಬಾಯಿಬಿಟ್ಟರೆ ಕೆಲಸ ಹೋದೀತು. ಸುಮ್ಮನಿದ್ದರೆ ಹನ್ನೊಂದು ಮನೆಯ ಅನ್ನ ಹೋಗುತ್ತದೆ.

"ಸರ್, ಸಹಿ ಹಾಕ್ಬೇಡಿ. ನಾನು ತೊಳೆದ ಬಾಟ್ಲಿಗೆ ಭಟ್ಟಿ ಇಳಿಸಿದ ನೀರು ತುಂಬಿ ನೋಡಿ."

"ಯಾಕಮ್ಮಾ?"

"ಮೊದ್ಲು ನೋಡಿ. ಆಮೇಲೆ ಎಷ್ಟು ಬೇಕಾದ್ರೂ ಬೈರಿ."

ಏನೂ ಇಲ್ಲದ ನೀರು ಕಣ್ಣೆದುರೇ ನಿಧಾನವಾಗಿ ನೀಲಿಗೆ ತಿರುಗಿತು. ಅಕ್ಕ ಹೆದರಿಕೆ ಮರೆತು ಬಾಯಿ ಕಳೆದು ನಿಂತಳು.

"ಏಳು ಸಲ ಜಾಲಿಸಿದ್ದೆ ಸರ್," ಎಂದಳು. "ಆದ್ರೂ ನನ್ನ ಸೋಪು ಅದಕ್ಕೆ ಗೊತ್ತಾಯ್ತಲ್ಲ."

ಕೆಮಿಸ್ಟರು ವರದಿ ಹರಿದರು. ಅಕ್ಕ ಚೆನ್ನಾಗಿಯೇ ಉಗಿಸಿಕೊಂಡಳು, ಕೆಲಸ ಉಳಿಯಿತು. ಆಸಿಡ್ಡಿನಲ್ಲಿ ತೊಳೆದ ಬಾಟಲಿಗಳಲ್ಲಿ ಮತ್ತೆ ನೀರು ತರಿಸಿದರು. ಒರತೆ ತಿಳಿಯಾಗಿಯೇ ಉಳಿಯಿತು, ಕೆರೆಗೆ ನೀಲಿಯ ಛಾಯೆ ಅಷ್ಟೆ. ಒಗೆಯುವ ಕಟ್ಟೆ ಮುಚ್ಚಲಿಲ್ಲ.

ಅಂದಿನಿಂದ ಪ್ರತಿ ಪರೀಕ್ಷೆಯಲ್ಲೂ ಅವಳು ತೊಳೆದ ಒಂದು ಬಾಟಲಿಗೆ ಬರೀ ಶುದ್ಧ ನೀರು ತುಂಬುತ್ತಾರೆ. ಚೀಟಿಯಲ್ಲಿ 'ಅಕ್ಕನ ಬಾಟ್ಲಿ' ಎಂದಿರುತ್ತದೆ. ಮದ್ದು ಹಾಕುವ ಹೊತ್ತಿಗೆ ಅವಳು ಒದ್ದೆ ಕೈಯಲ್ಲೇ ಬಂದು, ಅದು ಬಣ್ಣವಿಲ್ಲದೆ ಉಳಿಯಿತೆಂದು ಖಾತ್ರಿಯಾಗುವವರೆಗೂ ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ.