ತಾರೆಯ ಮುಖಕ್ಕೆ ಹುಣಸೆಹಣ್ಣು

ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದಾಗ ನಾನು ವಸ್ತುಸಂಗ್ರಹಾಲಯವೊಂದರಲ್ಲಿ ಲೋಹಶಿಲ್ಪಗಳ ಸಂರಕ್ಷಣೆಯ ಹೊಣೆ ಹೊತ್ತಿದ್ದೆ. ಬುದ್ಧ ಪೂರ್ಣಿಮೆ ಹತ್ತಿರವಿರುವಾಗ ಜಗಳೂರಿನ ಹೈಸ್ಕೂಲ್ ಮೇಷ್ಟ್ರು ತಿಪ್ಪೇಸ್ವಾಮಿ ಫೋನ್ ಮಾಡಿದರು. ಅವರದು ಬೌದ್ಧ ಕುಟುಂಬ. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬಂದು ಅವರ ಮನೆಯಲ್ಲೇ ಬಾಡಿಗೆಗಿರುತ್ತಿದ್ದ ಟಿಬೆಟನ್ ಹೆಂಗಸೊಬ್ಬರು ಅವರ ತಾಯಿ ಬಸಮ್ಮನವರಿಗೆ ಪ್ರೀತಿಯಿಂದ ಕೊಟ್ಟಿದ್ದ, ಟಿಬೆಟನ್ ಬೌದ್ಧರ ಕರುಣೆಯ ದೇವತೆ ತಾರಾದೇವಿಯ ವಿಗ್ರಹ ಹಾಳಾಗಿದೆ ಎಂದರು.

ಹಾಳಾದ ಬಗೆ ನಮ್ಮ ಸೀಮೆಯದೇ. ಹಬ್ಬ ಬಂತೆಂದರೆ ನಮ್ಮ ಹೆಣ್ಣುಮಕ್ಕಳು ದೀಪ, ಕೊಡ, ದೇವರು ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಬಸಮ್ಮ ತಾರೆಯನ್ನೂ ಬಿಟ್ಟಿರಲಿಲ್ಲ. ಮುಖ ಮಂಕಾಗಿ ಕಣ್ಣುಗಳು ಅಳಿಸಿಹೋಗಿದ್ದವು. ಅಂದಿನಿಂದ ಅವರು ದೇವರ ಕೋಣೆಗೆ ಕಾಲಿಟ್ಟಿರಲಿಲ್ಲ. ಮೇಷ್ಟ್ರು ವಿಗ್ರಹವನ್ನು ಮ್ಯೂಸಿಯಂಗೆ ಕೊಟ್ಟು ಕೈತೊಳೆದುಕೊಳ್ಳಲು ತಯಾರಾಗಿದ್ದರು.

ನಾನು ಹೋಗಿ ಭೂತಗನ್ನಡಿ ಹಿಡಿದೆ. ಒಂದು ನೋಟಕ್ಕೇ ವಿಷಯ ತಿಳಿಯಿತು. ಇಂಥ ವಿಗ್ರಹದ ಮೈಗೆ ಚಿನ್ನವನ್ನು ಪಾದರಸದಲ್ಲಿ ಕಲಸಿ ಹಚ್ಚಿ ಕಾಯಿಸುತ್ತಾರೆ. ಪಾದರಸ ಆವಿಯಾಗಿ, ಚಿನ್ನ ಕಂಚಿಗೆ ಕಚ್ಚಿಕೊಳ್ಳುತ್ತದೆ. ಈ ಮರ್ಕ್ಯುರಿ ಗಿಲ್ಡಿಂಗ್ ಹುಣಸೆಹಣ್ಣಿಗೆ ಜಗ್ಗುವುದಿಲ್ಲ. ಮುಖಕ್ಕೆ ಮಾತ್ರ ಅಂಟಿನಲ್ಲಿ ಕಲಸಿದ ಚಿನ್ನದ ಪುಡಿಯನ್ನು ಕುಂಚದಿಂದ ಬಳಿದು, ಮೇಲೆ ಕಣ್ಣು ಬರೆಯುತ್ತಾರೆ. ಹೋಗಿದ್ದು ಅಷ್ಟೇ. ವರ ಕೊಡುವ ಬಲಗೈ, ಕರೆದವರ ಬಳಿಗೆ ಎದ್ದು ಬರಲೆಂದು ಪೀಠದಿಂದ ಕೆಳಗಿಳಿಸಿದ ಬಲಗಾಲು, ಎಲ್ಲವೂ ಫಳಫಳ ಹೊಳೆಯುತ್ತಿದ್ದವು.

ಬಸಮ್ಮ ಹೊಸ್ತಿಲಾಚೆಯೇ ನಿಂತಿದ್ದರು. "ದೇವ್ರ ಕಣ್ಣು ಕಳೆದೋಳು ನಾನು. ಯಾವ ಮುಖ ಹೊತ್ಕಂಡು ಒಳಗೆ ಬರಾಕಾಗ್ತೈತ್ರಿ?" ಎಂದರು. ಟಿಬೆಟ್ಟಿನಲ್ಲಿ ಭಕ್ತರೇ ಈ ಮುಖಕ್ಕೆ ಮತ್ತೆ ಮತ್ತೆ ಚಿನ್ನ ಬಳಿಸುತ್ತಾರೆ, ಇದೂ ಒಂದು ಸೇವೆ ಎಂದು ತಿಳಿಹೇಳಿದೆ. ಮೇಷ್ಟ್ರಿಗೆ ಮಾತ್ರ ಖಡಾಖಂಡಿತವಾಗಿ, "ಗಾಜಿನ ಪೆಟ್ಟಿಗೆಯಲ್ಲಿ ನನ್ನ ಹತ್ತಿರ ಬೇಕಾದಷ್ಟು ದೇವರಿದ್ದಾರೆ, ಇನ್ನೊಬ್ಬರು ಬೇಡ" ಎಂದೆ.

ಗೊತ್ತಿದ್ದ ಟಿಬೆಟನ್ ಚಿತ್ರಕಾರರೊಬ್ಬರನ್ನು ಕರೆಸಿದೆ. ಅವರು ಮುಖಕ್ಕೆ ಚಿನ್ನ ಬಳಿದು, ಕಣ್ಣು ಬರೆಯುವ ಮುಂಚೆ ಕುಂಚ ಕೆಳಗಿಟ್ಟು, ದಿನಾ ಪೂಜೆ ಮಾಡುವವರು ಎದುರಿಗೆ ಕೂರಲಿ ಎಂದರು. ಬಸಮ್ಮ ಮಗನ ಕೈ ಹಿಡಿದು ಹೊಸ್ತಿಲು ದಾಟಿ ಬಂದು ಕೂತರು.

ಮ್ಯೂಸಿಯಂನಲ್ಲಿ ಇದ್ದದ್ದನ್ನು ಇದ್ದಂತೆ ಉಳಿಸುವುದೇ ನನ್ನ ಕೆಲಸವಾಗಿತ್ತು. ಪೂಜೆಯಲ್ಲಿರುವ ವಿಗ್ರಹಕ್ಕೆ ಅಷ್ಟು ಸಾಲದು, ಅದರ ಮುಂದೆ ಕೂರುವವರೂ ಉಳಿಯಬೇಕು. ಇದನ್ನು ನಾನು ಕಲಿತದ್ದು ಆ ಕೋಣೆಯಲ್ಲಿ.

ಕಣ್ಣು ಮೂಡಿದ ಮೇಲೆ ಬಸಮ್ಮ ತಾರೆಯ ಇಳಿಬಿಟ್ಟ ಪಾದವನ್ನು ಮುಟ್ಟಿ, "ಇವಳು ಎದ್ದು ಬರಾಕೇ ಕುಂತಿದ್ಲು ಕಣ್ರೀ. ನಾನೇ ಬಾಗಿಲು ಹಾಕ್ಕಂಡಿದ್ದೆ" ಎಂದರು.