ಗುಮ್ಮಟದ ಕೆಳಗೊಂದು ಪ್ರದಕ್ಷಿಣೆ

ಚರ್ಚಿನೊಳಗೆ ಪ್ರದಕ್ಷಿಣೆ ಹಾಕುವವರನ್ನು ನೀವು ನೋಡಿದ್ದೀರಾ? ಹೋದ ತಿಂಗಳು ರೋಮ್‌ನಲ್ಲಿ ಕೆಲವರು ನೋಡಿದರು. ಹಾಕಿದವಳು ನಾನೇ.

ತಪ್ಪು ಪೂರ್ತಿ ನನ್ನದಲ್ಲ. ಆಸ್ಟ್ರೇಲಿಯಾದ ಪರ್ತ್‌ನಿಂದ ಹೊರಡುವ ಮೊದಲು ಅಲ್ಲಿನ ಎಲೆನ್‌ಬ್ರೂಕ್ ಬಡಾವಣೆಯ ಲಿಲ್ಲಿ ಆಂಟಿ (ಊರು ಕುಂದಾಪುರ, ನಡುವೆ ಹದಿನಾಲ್ಕು ವರ್ಷ ಕುವೈತ್) ಒಂದು ಕೆಲಸ ಒಪ್ಪಿಸಿದ್ದರು. ಊರಿನಲ್ಲಿರುವ ಅವರ ಅಕ್ಕನ ವಿಸಿಟರ್ ವೀಸಾ ಎರಡು ಸಲ ರಿಜೆಕ್ಟ್ ಆಗಿದೆ. ಮೂರನೆಯ ಅರ್ಜಿ ಹೋಗುವ ಮುನ್ನ, ರೋಮ್‌ನ ಒಂದು ಹಳೆಯ ಚರ್ಚಿನ ಗುಮ್ಮಟದ ನೇರ ಕೆಳಗೆ ನಿಂತು ನಾನು ಪ್ರಾರ್ಥಿಸಬೇಕು. ನಾನು ಕ್ರೈಸ್ತಳಲ್ಲವಲ್ಲ ಎಂದೆ. ಅದು ದೇವರಿಗೆ ಗೊತ್ತಿರುತ್ತದೆ, ನೀನು ಬಾಯಿ ಬಿಡಬೇಡ ಎಂದರು.

ಹೋದೆ. ಗೋಡೆಗೆಲ್ಲ ಬಣ್ಣದ ಅಮೃತಶಿಲೆ. ಚಾವಣಿಯ ತುಂಬ ಮೋಡದ ಮೇಲೆ ತೇಲುವ ಸಂತರು. ಯಾವ ಕಂಬ ಕಲ್ಲಿನದು, ಯಾವುದು ಚಿತ್ರದ್ದು ಎಂದು ಹೇಳುವುದೇ ಕಷ್ಟ. ನೆಲದಲ್ಲಿ ಒಂದು ದುಂಡನೆಯ ಕಲ್ಲಿನ ಗುರುತು. ಅದರ ಮೇಲೆ ನಿಂತು ತಲೆಯೆತ್ತಿದರೆ ಗುಮ್ಮಟ! ಅಕ್ಕನ ಹೆಸರು, ಪಾಸ್‌ಪೋರ್ಟ್ ನಂಬರ್ ಎರಡನ್ನೂ ಹೇಳಿ ಪ್ರಾರ್ಥಿಸಿದೆ. (ಸರ್ಕಾರಿ ಕೆಲಸವಲ್ಲವೇ?)

ಮುಗಿದ ಮೇಲೆ ಕಾಲು ತಾನಾಗಿಯೇ ಪ್ರದಕ್ಷಿಣೆಗೆ ಹೊರಟಿತು. ಅಭ್ಯಾಸ. ಕಾಲು ಸುತ್ತು ಬಂದು ಮೇಲೆ ನೋಡಿದರೆ ಗುಮ್ಮಟ ವಾಲಿದೆ. ಅರ್ಧ ಸುತ್ತಿಗೆ ಮಗುಚಿಯೇ ಬಿದ್ದಂತಿದೆ. ಪಕ್ಕದಲ್ಲಿದ್ದ ಗೈಡ್ ನಗುತ್ತ ವಿವರಿಸಿದಳು: ಇಲ್ಲಿ ಗುಮ್ಮಟವೇ ಇಲ್ಲ. ಕಟ್ಟಿಸಲು ಆಗದೆ, ಚಪ್ಪಟೆ ಬಟ್ಟೆಯ ಮೇಲೆ ಗುಮ್ಮಟದ ಚಿತ್ರ ಬರೆಸಿ ಮೇಲೆ ಕೂರಿಸಿದ್ದಾರೆ. ನೆಲದ ಆ ಗುರುತಿನ ಮೇಲೆ ನಿಂತರೆ ಮಾತ್ರ ನಿಜವೆನಿಸುತ್ತದೆ.

ಆಂಟಿಗೆ ಹೇಳುವುದೋ ಬಿಡುವುದೋ? ನನ್ನ ಪ್ರಾರ್ಥನೆಗೆಂದೇ ಅವರು ಅರ್ಜಿ ತಡೆದಿಟ್ಟುಕೊಂಡು ಕೂತಿದ್ದರು. ಸುಳ್ಳು ಹೇಳಿದರೆ ನನ್ನ ಮುಖವೇ ಚಾಡಿ ಹೇಳುತ್ತದೆ. ಪರ್ತ್‌ಗೆ ಮರಳಿದ ಭಾನುವಾರ ಅವರ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ನೀರುದೋಸೆ ಮಡಚುತ್ತಿದ್ದ ಆಂಟಿಯ ಕೈ ನಿಂತಿತು.

"ಅಲ್ಲ ಮಾರಾಯ್ತಿ, ನಿಂಗೆ ಸುತ್ತು ಹಾಕ್ಲಿಕ್ಕೆ ಯಾರು ಹೇಳಿದ್ದು?"

ಆಮೇಲೆ ನನ್ನನ್ನು ಹೊರಗೆ ಕರೆದೊಯ್ದು, ಮನೆ ಮುಂದಿನ ಎರಡು ಭಾರೀ ಕಂಬಗಳಲ್ಲಿ ಒಂದನ್ನು ಬೆರಳಿನಿಂದ ತಟ್ಟಿದರು. ಟೊಳ್ಳು ಸದ್ದು.

"ಥರ್ಮಾಕೋಲ್. ಮೇಲಿಂದ ಸಿಮೆಂಟ್ ಬಳಿದದ್ದು. ಹಾಗಂತ ಒಳಗಿನ ದೋಸೆ ಸುಳ್ಳಾ?"

ಒಳಗೆ ಹೋಗಿ ದೋಸೆ ತಿಂದೆ.

ಅರ್ಜಿ ಸೋಮವಾರ ಹೋಯಿತು. ಅಕ್ಕ ಉಳಿಯುವ ಮನೆ ಎಂಥದೆಂದು ತೋರಿಸಲು ಫೋಟೊ ಕೂಡ ಲಗತ್ತಿಸಿದ್ದೇವೆ. ತೆಗೆದವಳು ನಾನೇ. ಕಂಬಗಳು ಅಪ್ಪಟ ಕಲ್ಲಿನಂತೆ ಕಾಣುವ ಜಾಗ ರಸ್ತೆಯಾಚೆ, ಎದುರುಮನೆಯವರ ಕಸದ ಡಬ್ಬಿಯ ಹತ್ತಿರ ಸಿಕ್ಕಿತು.

ವೀಸಾ ಆಫೀಸರ್ ಪ್ರದಕ್ಷಿಣೆ ಹಾಕಲಾರರು, ಅಲ್ಲವೇ?