ಜನವರಿಗೆ ಎಷ್ಟು ಸೆರಗು

ನಮ್ಮ ದೇಶದ ಫುಟ್‌ಬಾಲ್ ತಂಡ ಏಷ್ಯಾ ಮಟ್ಟದ ಟೂರ್ನಿಗೆ ಅರ್ಹತೆ ಪಡೆಯುತ್ತದೋ ಇಲ್ಲವೋ ಎಂಬ ಚಿಂತೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಅಪ್ಪ ಒಬ್ಬರಿಗೇ ಇತ್ತು. ಅವರು ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಕೂತು ಸೀರೆ ನೇಯ್ದವರು.

"ಕೈ ಆಡಿದ್ದು ಮಂದಿಗೆ ಕಾಣ್ತೈತಿ. ಕುಣಿಯೊಳಗ ಕಾಲು ತುಳಿಯೂದು ಯಾರಿಗೆ ಕಾಣ್ತೈತಿ? ಇದು ಕಾಲಿನ ಆಟ, ನಮ್ಮದು" ಎನ್ನುತ್ತಿದ್ದರು.

ಅವ್ವ ಬಿಡುತ್ತಿರಲಿಲ್ಲ. "ಹನ್ನೊಂದು ಮಂದಿ ಒಂದೂವರಿ ತಾಸು ಓಡಿ ಒಂದೂ ಗೋಲು ಹೊಡಿಯಂಗಿಲ್ಲ. ಅದನ್ನ ನೋಡಾಕ ಮಗ್ಗಾ ಬಿಟ್ಟು ಏಳ್ತೀರಿ!"

ಆ ವರ್ಷ ಅಪ್ಪನ ಗಂಟಲಲ್ಲಿ ಅನ್ನ ಇಳಿಯದಾಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು: ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು. ಹೊರಗೆ ಬೆಂಚಿನ ಮೇಲಿದ್ದ ಅಪ್ಪ "ಏನಂದ್ರು?" ಎಂದರು.

"ಮೂರು ತಿಂಗಳು ಔಷಧ ತಗೋಬೇಕಂತ."

ಬಸ್ಸು ಅಮೀನಗಡದಲ್ಲಿ ನಿಂತಾಗ ಅಪ್ಪ ಕೇಳಿದರು, "ಟೂರ್ನಿ ಯಾವಾಗ?"

"ಜನವರಿಗೆ."

"ಅಂದ್ರ ಇನ್ನ ಎಷ್ಟು ಸೆರಗು?"

ನಮ್ಮ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಮ್ಮೆ ಕೂಡಿಸಿದರೆ ಒಂದೇ ಸೀರೆ. ಮುಂದಿನದಕ್ಕೆ ಮತ್ತೆ ಮೊದಲಿನಿಂದ. ಅಪ್ಪನಿಗೆ ಒಂದು ವಾರವೆಂದರೆ ಒಂದು ಸೆರಗು. ನನ್ನ ಪರೀಕ್ಷೆ, ಅಕ್ಕನ ಹೆರಿಗೆ, ಎಲ್ಲವನ್ನೂ ಅವರು ಹಾಗೆಯೇ ಎಣಿಸಿದ್ದರು.

"ಇಪ್ಪತ್ತೆರಡು" ಎಂದೆ. ಮೂರು ತಿಂಗಳಿಗೆ ಹದಿಮೂರೇ. ಅಪ್ಪ ಕಿಟಕಿಯ ಕಡೆ ತಿರುಗಿದರು.

ಅಂದಿನಿಂದ ದಿನವೂ ಒಂದೇ ಪ್ರಶ್ನೆ: "ನಮ್ಮವರು ಹೋಗ್ತಾರೇನ?" ನಾನು ಅಂಕಪಟ್ಟಿ ನೋಡಿ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೆ. ಗುಂಪಿನಲ್ಲಿ ಕೊನೆಯ ಸ್ಥಾನ, ಗೋಲು ಹೊಡೆಯುವವರಿಲ್ಲ, ಉಳಿದ ಪಂದ್ಯಗಳನ್ನೆಲ್ಲ ಗೆಲ್ಲಬೇಕು. "ಆಗೂದಿಲ್ಲ ಅಪ್ಪಾ."

"ಜಡ್ಡಾದವರಿಗೆ ಹಂಗ ಹೇಳ್ತಾರೇನ? ಗೆಲ್ತಾರ ಅಂದ್ರ ನಿನ್ನ ಗಂಟೇನ ಹೋಗ್ತೈತಿ?" ಎಂದು ಅವ್ವ ಸಿಟ್ಟಾಗುತ್ತಿದ್ದಳು. ಆಟದ ವಿಷಯದಲ್ಲಿ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಇನ್ನೊಂದು ವಿಷಯದಲ್ಲಿ ದಿನವೂ ಹೇಳುತ್ತಿದ್ದೆ.

ನಿರ್ಣಾಯಕ ಪಂದ್ಯ ಅಕ್ಟೋಬರಿನ ಒಂದು ಸಂಜೆ. ಅಷ್ಟರಲ್ಲಿ ಅಪ್ಪ ಮಗ್ಗಕ್ಕೆ ಇಳಿಯುವುದು ನಿಂತಿತ್ತು. ಅವ್ವ ದಿಂಬು ಕೊಟ್ಟು ಅವರನ್ನು ಒರಗಿಸಿದಳು, ನಾನು ಎದುರಿಗೆ ಮೊಬೈಲು ಹಿಡಿದೆ. ಮೊದಲ ಗೋಲು ನಮ್ಮವರದೇ. "ನೋಡ್ರಿ, ನೋಡ್ರಿ!" ಎಂದು ಅವ್ವ ಚಪ್ಪಾಳೆ ಹೊಡೆದಳು. ಅಪ್ಪ ನಗಲಿಲ್ಲ. ಅವರ ಮುಖದಲ್ಲಿ ನನಗೆ ಕಂಡದ್ದು ಹೆದರಿಕೆ.

ಆಮೇಲೆ ಎದುರಿನವರು ಎರಡು ಹೊಡೆದರು. ಪಂದ್ಯ ಮುಗಿಯಿತು, ನಮ್ಮ ತಂಡದ ದಾರಿಯೂ ಮುಗಿಯಿತು. ಅವ್ವ ಗಂಜಿ ತರಲು ಒಳಗೆ ಹೋದಳು.

"ಚಲೋ ಆತು" ಎಂದರು ಅಪ್ಪ. "ಅವರು ಹೋಗಿದ್ರ, ನೋಡಲಾರದ ಹೋಗಬೇಕಲ್ಲ ಅಂತ ಸಂಕಟ ಇತ್ತು. ಈಗ ಜನವರಿಯೊಳಗ ನಂದೇನೂ ಇಲ್ಲ."

ನಾನು ಮೊಬೈಲು ಕೆಳಗಿಟ್ಟೆ.

"ಆಟದ್ದು ಖರೆ ಹೇಳಿದಿ. ಡಾಕ್ಟರ್ ಅಂದದ್ದೂ ಹೇಳಿಬಿಡ ಯವ್ವಾ. ನಿಮ್ಮವ್ವ ಬರೂದ್ರೊಳಗ."

ಹೇಳಿದೆ. ಕೇಳಿಸಿಕೊಂಡದ್ದನ್ನು ಒಂದೂ ಬಿಡದೆ, ಕನ್ನಡದಲ್ಲಿ.

ಅವ್ವ ಬಟ್ಟಲು ಹಿಡಿದು ಬಂದವಳು ನನ್ನ ಮುಖ ನೋಡಿ ಬೈದಳು. "ಆಟ ಸೋತದ್ದಕ್ಕ ಇಷ್ಟು ಅಳ್ತಾರೇನ? ಅದೂ ಅವರ ಮುಂದ?"

ಅಪ್ಪ ಗಂಜಿಗೆ ಬಾಯಿ ತೆರೆದರು.